ಟರ್ನ್‌ಟೇಬಲ್‌ಗೆ ಯಾವ ಕೇಬಲ್: ಶೀಲ್ಡ್ ಇರೋದಾ, ಇಲ್ಲದ್ದಾ?

ಪ್ರಶ್ನೆ: ಟರ್ನ್‌ಟೇಬಲ್‌ನಿಂದ (ಎಲ್‌ಪಿ ರೆಕಾರ್ಡ್ ಪ್ಲೇಯರ್) ಆಂಪ್ಲಿಫೈಯರ್‌ಗೆ ಒಂದು, ಡ್ಯಾಕ್‌ನಿಂದ (ಡಿಜಿಟಲ್ ಸೌಂಡನ್ನು ಅನಲಾಗ್ ಮಾಡುವ ಡಬ್ಬಿ) ಆಂಪ್ಲಿಫೈಯರ್‌ಗೆ ಒಂದು, ಎರಡು ಆರ್‌ಸಿಎ ಕೇಬಲ್ (ಕೆಂಪು-ಬಿಳಿ ಪಿನ್ನಿನ ಆಡಿಯೋ ಕೇಬಲ್) ಬೇಕು. ಶೀಲ್ಡ್, ಅಂದರೆ ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ, ಇಲ್ಲದ್ದರಲ್ಲಿ ಸೌಂಡ್ ‘ಓಪನ್’ ಆಗಿರುತ್ತೆ ಅಂತಾರೆ ಅಂಗಡಿಯವರು. ಈಗಲೇ ಸ್ವಲ್ಪ ಗುಂಯ್ ಅನ್ನುತ್ತಿದೆ. ಬಳಸಿದವರು ಹೇಳಿ.

ಉತ್ತರ: ಟರ್ನ್‌ಟೇಬಲ್‌ಗೆ ಶೀಲ್ಡ್ ಇರುವುದನ್ನೇ ತಗೊಳ್ಳಿ ಸರ್, ಅದರಲ್ಲಿ ಎರಡನೇ ಮಾತಿಲ್ಲ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಇರುವ ಮಾಮೂಲು ಪಿಕಪ್) ಕೊಡುವುದೇ 3ರಿಂದ 5 ಮಿಲಿವೋಲ್ಟ್. ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ. ಕಾರ್ಟ್ರಿಡ್ಜಿನ ಆ ಚೂರು ಸಿಗ್ನಲ್ಲನ್ನು ಫೋನೋ ಸ್ಟೇಜ್ (ಟರ್ನ್‌ಟೇಬಲ್‌ಗೆಂದೇ ಇರುವ ಮೊದಲ ಆಂಪ್ಲಿಫೈಯರ್) ನೂರು ಪಟ್ಟು ದೊಡ್ಡದು ಮಾಡುವಾಗ ದಾರಿಯಲ್ಲಿ ಸೇರಿಕೊಂಡ ಗುಂಯ್ ಕೂಡ ದೊಡ್ಡದಾಗುತ್ತದೆ, ಅದರ ಮೇಲೆ ಆರ್‌ಐಎಎ ಈಕ್ವಲೈಸೇಷನ್ (ರೆಕಾರ್ಡಿಗೆ ಬೇಕಾದ ಬೇಸ್-ಟ್ರೆಬಲ್ ಸರಿಪಡಿಕೆ) ಬೇಸ್ ಕಡೆಯನ್ನೇ ಇನ್ನೂ ಎತ್ತುವುದರಿಂದ ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗೆ ಹಬ್ಬ. ಆದರೆ 1 ಮೀಟರ್ ದಾಟಿಸಬೇಡಿ. ಶೀಲ್ಡ್ ಕೇಬಲ್‌ಗೆ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ, ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಮಾಮೂಲು. ಅದು ಜಾಸ್ತಿಯಾದರೆ ಟ್ರೆಬಲ್ ಬದಲಾಗುತ್ತದೆ. ‘ಓಪನ್’ ಮಾತಿಗೆ ಏನಾದರೂ ಆಧಾರ ಇದ್ದರೆ ಇಷ್ಟೇ. ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಕಡಿಮೆ, ಅರ್ಧ ಮೀಟರಿನ ಕೇಬಲ್‌ನಿಂದ ಅದಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಶೀಲ್ಡ್ ಇಲ್ಲದ್ದೂ ನಡೆಯುತ್ತದೆ, ಹಾಗಂತ ಅದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಇನ್ನೊಬ್ಬರು: ಹೊರಗೆ ‘ಶೀಲ್ಡೆಡ್’ ಅಂತ ಅಚ್ಚು ಹಾಕಿದ್ದನ್ನು ನಂಬಬೇಡಿ. ಅಗ್ಗದ್ದೊಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿದ್ದೆ. ಒಳಗಿನ ವೈರಿನ ಸುತ್ತ ಕೂದಲೆಳೆಯಂಥ ತಾಮ್ರ, ಒಂದೇ ದಿಕ್ಕಿಗೆ ಸುಮ್ನೆ ಸುತ್ತಿದ್ದಾರೆ. ಸ್ವಲ್ಪ ಬಗ್ಗಿಸಿದರೆ ಎಳೆಗಳು ಸರಿದು ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುತ್ತದೆ. ಒತ್ತಾಗಿ ಹೆಣೆದ ಜಾಲರಿ ಇರುವುದನ್ನು ಕೇಳಿ ತಗೊಳ್ಳಿ. ಬೆಂಗಳೂರಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಮೈಕ್ ಕೇಬಲ್ಲನ್ನು ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಬೆಸುಗೆ ಹಾಕಲು ಬಂದರೆ ಅದೇ ಸಾಕು. ತುದಿ ಸುಲಿಸಿ, ಕಣ್ಣಾರೆ ನೋಡಿ ತರಬಹುದು.

ಮತ್ತೊಬ್ಬರು: ಮೇಲಿನವರಿಬ್ಬರೂ ಹೇಳಿದ್ದು ಸರಿ, ಆದರೆ ಈಗಿರುವ ಗುಂಯ್‌ಗೆ ಕೇಬಲ್ಲೇ ಕಾರಣ ಅಂತ ಯಾರು ಹೇಳಿದ್ದು? ಟರ್ನ್‌ಟೇಬಲ್‌ನಿಂದ ಬರುವ ತೆಳು ಅರ್ಥ್ ವೈರ್ ಇದ್ದರೆ ಆಂಪ್ಲಿಫೈಯರ್ ಹಿಂದಿನ ಸ್ಕ್ರೂಗೆ ಸಿಕ್ಕಿಸಿದ್ದೀರಾ, ಮೊದಲು ಅದು ನೋಡಿ. ಡ್ಯಾಕ್‌ಗೆ ಲ್ಯಾಪ್‌ಟಾಪ್ ಹಾಕಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಟಿವಿಯೂ ಅದೇ ಆಂಪ್ಲಿಫೈಯರ್‌ಗೆ ಬಂದಿದ್ದರೆ ಸೆಟ್‌ಟಾಪ್ ಬಾಕ್ಸಿನ ಆಂಟೆನಾ ಕೇಬಲ್ ಬಿಚ್ಚಿ. ಚಾರ್ಜರ್ ಅಥವಾ ಆಂಟೆನಾ ಕೇಬಲ್ ತೆಗೆದಾಗ ಗುಂಯ್ ನಿಂತಿತೋ, ಅದು ಅರ್ಥ್ ಲೂಪ್, ಅಂದರೆ ಒಂದಕ್ಕಿಂತ ಹೆಚ್ಚು ಕಡೆ ಅರ್ಥ್ ಆಗಿ ಸುತ್ತು ಕಟ್ಟಿಕೊಂಡ ದಾರಿ. ಆರ್‌ಸಿಎಯಲ್ಲಿ ಶೀಲ್ಡೇ ಸಿಗ್ನಲ್ ವಾಪಸ್ ಹೋಗುವ ದಾರಿಯೂ ಆಗಿರುವುದರಿಂದ ಎಷ್ಟೇ ಒಳ್ಳೆಯ ಶೀಲ್ಡ್ ಹಾಕಿದರೂ ಲೂಪ್ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಮ್ಯಾಗ್ನೆಟಿಕ್ ಫೀಲ್ಡನ್ನೂ ತಾಮ್ರದ ಜಾಲರಿ ತಡೆಯುವುದಿಲ್ಲ, ಟರ್ನ್‌ಟೇಬಲ್ ಆಂಪ್ಲಿಫೈಯರ್ ಮೇಲೇ ಕೂತಿದ್ದರೆ ಒಂದು ಮಾರು ದೂರ ಇಡಿ. ಮತ್ತೆ ಯಾರೋ ಬಂದು ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಅಂತ ಹೇಳಿಯೇ ಹೇಳುತ್ತಾರೆ. ಗುಂಯ್ ನಿಲ್ಲಬಹುದು, ಒಳಗೆ ವೈರ್ ಲೂಸಾಗಿ ಬಾಡಿಗೆ ತಾಗಿದ ದಿನ ಶಾಕ್ ಗ್ಯಾರಂಟಿ. ಆರ್‌ಸಿಎ ಲೈನಿಗೆ ಹಾಕುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಂತಲೇ ಸಿಗುತ್ತದೆ, ಅದನ್ನು ಡ್ಯಾಕ್ ಅಥವಾ ಟಿವಿ ಲೈನಿಗೆ ಹಾಕಿ, ಫೋನೋಗೆ ಬೇಡ.