ಮಗ ಅರ್ಜೆಂಟೀನಾದ ಮೂರನೇ ಡಿವಿಷನ್ ಡಿಫೆಂಡರ್ ಒಬ್ಬನನ್ನು ಗುರು ಎಂದುಕೊಂಡಿದ್ದಾನೆ. ಅಲ್ಲಿ ಇಂಥವರ ಹೊಟ್ಟೆಪಾಡು ಹೇಗೆ?

ಬಿ.ಎಂ. ರಸ್ತೆ ಅಂಗಡಿ (ಹಾಸನ)

ಹಾಸನದಲ್ಲಿ ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಫುಟ್‌ಬಾಲ್ ಎಂದರೆ ಮರಡೋನಾ, ಮೆಸ್ಸಿ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಹತ್ತೊಂಬತ್ತು ವರ್ಷದ ಮಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತ ಬಿ ಡಿವಿಷನ್ ತಂಡವೊಂದಕ್ಕೆ ಸ್ಟಾಪರ್ ಬ್ಯಾಕ್ ಆಡುತ್ತಾನೆ, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಂತು ತಡೆಯುವ ಡಿಫೆಂಡರ್. ಗಣೇಶನ ಹಬ್ಬಕ್ಕೆ ಬಂದವನು ಮೊಬೈಲಿನಲ್ಲಿ ಒಬ್ಬ ಆಟಗಾರನನ್ನು ತೋರಿಸಿದ. ಮೂವತ್ತಮೂರು ವರ್ಷ, ಮುಂದಲೆ ಬೋಳು, ನೋಡಿದರೆ ಯಾವುದೋ ಹೋಬಳಿಯ ಕಂದಾಯ ನಿರೀಕ್ಷಕ ಎನ್ನಬೇಕು. "ಅಪ್ಪ, ಇವನು ಒಮ್ಮೆಯೂ ಮೊದಲ ಡಿವಿಷನ್ ಆಡಿಲ್ಲ. ನಾನು ಹೀಗಾಗಬೇಕು" ಎಂದ. ಮೆಸ್ಸಿ ಆಗುತ್ತೇನೆ ಎಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಇದಕ್ಕೆ ಏನು ಹೇಳುವುದು?

ನಾನು ಲೆಕ್ಕದ ಮನುಷ್ಯ. ರಾತ್ರಿ ಕಿರ್ದಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಅವನ ಹೆಸರಿನಲ್ಲಿ ಖಾತೆ ತೆರೆದೆ. ಹದಿಮೂರು ವರ್ಷ, ಒಂಬತ್ತು ಕ್ಲಬ್. ಅದರಲ್ಲಿ ಒಂದಕ್ಕೆ ಎರಡು ಸಲ ಹೋಗಿದ್ದಾನೆ. ಗೋಲು ಏಳು. ವರ್ಗಾವಣೆಯ ಹಣ ಎಂಬ ಕಲಮಿನಲ್ಲಿ ಉದ್ದಕ್ಕೂ ಅಡ್ಡಗೆರೆ. ಒಂಬತ್ತು ಅಂಗಡಿ ಬದಲಾಯಿಸಿದ ಗುಮಾಸ್ತ ಕೆಲಸ ಕೇಳಿಕೊಂಡು ಬಂದರೆ ನಾನು ನೀರು ಕೊಟ್ಟು ಕಳುಹಿಸುತ್ತೇನೆ. ಇವನನ್ನು ಯಾಕೆ ಎಲ್ಲರೂ ಕರೆಯುತ್ತಾರೆ, ಯಾಕೆ ಯಾರೂ ಇಟ್ಟುಕೊಳ್ಳುವುದಿಲ್ಲ? ಸಂಬಳ ಕೈಗೆ ಬರುತ್ತದೆಯೇ? ಕಾಲು ಸೋತ ಮೇಲೆ ಏನು? ತಿಳಿದವರು ಹೇಳಿ.

ಕ್ಯೂರಿಂಗ್ ವರ್ಕ್ಸ್ (ಚಿಕ್ಕಮಗಳೂರು)

ಯಜಮಾನರೇ, ನಿಮ್ಮ ಖಾತೆ ಸರಿ, ಓದುವ ರೀತಿ ಸರಿಯಿಲ್ಲ. ಒಂಬತ್ತು ಕ್ಲಬ್ ಎಂದರೆ ಒಂಬತ್ತು ಸಲ ಓಡಿಸಿದರು ಎಂದಲ್ಲ. ಆ ಮಟ್ಟದಲ್ಲಿ ಕರಾರು ಹೆಚ್ಚಾಗಿ ಒಂದು ವರ್ಷದ್ದು. ಡಿಸೆಂಬರಿಗೆ ಅದು ಮುಗಿದರೆ ಆಟಗಾರ ಸ್ವತಂತ್ರ, ಹೊಸ ಕ್ಲಬ್ ಹಳೆಯ ಕ್ಲಬ್ಬಿಗೆ ಏನೂ ಕೊಡಬೇಕಿಲ್ಲ. ನಿಮ್ಮ ಅಡ್ಡಗೆರೆಯ ಅರ್ಥ ಅಷ್ಟೇ. ನಮ್ಮ ಕಡೆ ತೋಟದ ರೈಟರುಗಳನ್ನು ನೋಡಿ: ಎರಡು ವರ್ಷ ಮೂಡಿಗೆರೆ, ಮೂರು ವರ್ಷ ಬಾಳೆಹೊನ್ನೂರು, ಮತ್ತೆ ಮೂಡಿಗೆರೆ. ಹಳೆಯ ಯಜಮಾನ ಎರಡನೇ ಸಲ ಕರೆದ ಎಂದರೆ ಆ ರೈಟರಿನ ಲೆಕ್ಕ ಶುದ್ಧ ಎಂದೇ ಅರ್ಥ.

ಅಲ್ಲಿನ ಮೂರನೇ ಮೆಟ್ಟಿಲು ಎರಡು ಕವಲು. ಬ್ಯೂನಸ್ ಐರಿಸ್ ಸುತ್ತಿನ ಕ್ಲಬ್ಬುಗಳಿಗೆ ಪ್ರಿಮೇರಾ ಬಿ, ಉಳಿದ ಪ್ರಾಂತ್ಯಗಳಿಗೆ ಫೆಡರಲ್ ಎ. ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದೇ ರಾಜಧಾನಿಯ ಕ್ಲಬ್ಬುಗಳಿಂದ, ಆ ಪಂಕ್ತಿಭೇದ ಇನ್ನೂ ಹೋಗಿಲ್ಲ. ಮೊದಲನೆಯ ಕವಲಿನವನು ಬಹುಪಾಲು ಮನೆಯಲ್ಲೇ ಮಲಗುತ್ತಾನೆ, ಎರಡನೆಯವನು ಬಸ್ಸಿನಲ್ಲಿ. ಎರಡನೇ ಡಿವಿಷನ್ ಪ್ರಿಮೇರಾ ನಾಸಿಯೊನಾಲ್‌ನಲ್ಲಿ 2025ರಲ್ಲಿ 36 ತಂಡಗಳಿದ್ದವು. ಮೇಲಕ್ಕೆ ಹೋಗಲು ಜಾಗ ಎರಡೇ. ಹಾಗಾಗಿ 'ಒಮ್ಮೆಯೂ ಮೊದಲ ಡಿವಿಷನ್ ಆಡಿಲ್ಲ' ಎನ್ನುವುದು ಅಲ್ಲಿ ನಾಚಿಕೆಯ ಮಾತಲ್ಲ. ಆ ಡಿವಿಷನ್‌ಗಳನ್ನು ಅವರು ಕೆಳಗಿನವು ಎಂದು ಕರೆಯುವುದೂ ಇಲ್ಲ. ಒಟ್ಟಾಗಿ 'ಅಸೆನ್ಸೊ' ಎನ್ನುತ್ತಾರೆ. ಅಂದರೆ ಏರು.

ಕ್ಲಬ್ಬುಗಳು ಸಾಮಾನ್ಯವಾಗಿ ಸದಸ್ಯರ ಆಸ್ತಿ, ಒಂದು ರೀತಿಯಲ್ಲಿ ನಮ್ಮ ಸಹಕಾರ ಸಂಘ. ಕೊಮುನಿಕಾಸಿಯೊನೆಸ್ ಅಂಚೆ ನೌಕರರು ಕಟ್ಟಿದ್ದು, ಇಂದಿಗೂ ಅದರ ಅಡ್ಡಹೆಸರು 'ಪೋಸ್ಟ್‌ಮ್ಯಾನ್'. ಫ್ಲಾಂದ್ರಿಯಾ 1941ರಲ್ಲಿ ಹತ್ತಿ ಗಿರಣಿಯ ಊರಿನಲ್ಲಿ ಹುಟ್ಟಿದ್ದು. ಗಿರಣಿಯ ಮಾಲೀಕ ಬೆಲ್ಜಿಯಂನವನು, ಹೆಸರಿನಲ್ಲೇ ಫ್ಲಾಂಡರ್ಸ್ ಇದೆ. ನನಗೆ ಈ ಹುಚ್ಚು ಹಿಡಿದದ್ದೇ ಹೀಗೆ, ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೊಂದು ತಂಡ ಇದ್ದಿದ್ದರೆ ಎಂದು ಕನಸು ಕಾಣುತ್ತ.

ಶನಿವಾರ ಅಲ್ಲಿ ಮಧ್ಯಾಹ್ನ ಮೂರೂವರೆ ಎಂದರೆ ನಮಗೆ ಸರಿಯಾಗಿ ನಡುರಾತ್ರಿ. ಒಂದು ಪಂದ್ಯ ನೋಡಿ. ಚೆಂಡನ್ನು ನೋಡಬೇಡಿ, ನಿಮ್ಮ ಮನುಷ್ಯನನ್ನೇ ನೋಡಿ. ಅಂಗಿಯ ಮೇಲೆ 2 ಅಥವಾ 6 ಇರುತ್ತದೆ. ಅಲ್ಲಿ ಸ್ಟಾಪರುಗಳ ಸಾಂಪ್ರದಾಯಿಕ ಅಂಕಿ ಅವೇ.

ಸುಮ್ಮನೆ ಓದುಗ

ಮೊದಲು ಬಿ.ಕಾಂ. ಮುಗಿಸಲಿ. ಬೋಳುತಲೆ ತಾನಾಗಿ ಬರುತ್ತದೆ.

ಹಳೆಯ ಫುಲ್‌ಬ್ಯಾಕ್ (ಹಾಸನ)

ನಾನು ಎಂಬತ್ತರ ದಶಕದಲ್ಲಿ ಬೆಂಗಳೂರಿನ ಕಾರ್ಖಾನೆ ತಂಡವೊಂದಕ್ಕೆ ಬಲಬದಿ ಬ್ಯಾಕ್ ಆಗಿದ್ದೆ. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಸ್ಟೋರ್ಸ್‌ನಲ್ಲಿ ಬೋಲ್ಟ್ ಎಣಿಕೆ. ಮೊಣಕಾಲು ಹೋಯಿತು, ಆದರೆ ನಿವೃತ್ತಿಯ ದಿನ ಭವಿಷ್ಯನಿಧಿ ಬಂತು. ಅಲ್ಲಿನವನಿಗೆ ಆ ಬೋಲ್ಟ್ ಎಣಿಕೆ ಇಲ್ಲ, ಆಟವೇ ಸಂಬಳ. ಸಂಬಳ ಪೆಸೊದಲ್ಲಿ. 2023ರಲ್ಲಿ ಆ ದೇಶದ ಹಣದುಬ್ಬರ ಶೇ. 211. ವರ್ಷದ ಆರಂಭದಲ್ಲಿ ನೂರಕ್ಕೆ ಬರುತ್ತಿದ್ದ ಸಾಮಾನಿಗೆ ವರ್ಷದ ಕೊನೆಗೆ ಮುನ್ನೂರ ಹನ್ನೊಂದು. ಯಜಮಾನರು ಲೆಕ್ಕದವರು, ಜನವರಿಯಲ್ಲಿ ಸಹಿ ಹಾಕಿದ ಕರಾರಿನ ಗತಿ ಏನು ಎಂದು ವಿವರಿಸಬೇಕಿಲ್ಲ.

ಬೆನ್ನಿಗೆ ಇರುವುದು ಸಂಘ. 1944ರಲ್ಲೇ ಅಲ್ಲಿನ ಆಟಗಾರರು ಸಂಘ ಕಟ್ಟಿಕೊಂಡರು, 1948ರಲ್ಲಿ ಮುಷ್ಕರ ಹೂಡಿದರು. ಆ ಗಲಾಟೆಯ ಬೆನ್ನಲ್ಲೇ ಡಿ ಸ್ಟೆಫಾನೊ ಅಂಥ ದೊಡ್ಡ ಆಟಗಾರರೇ ಕೊಲಂಬಿಯಾಕ್ಕೆ ಹೊರಟುಹೋದರು. ನಮ್ಮ ಬಿ ಡಿವಿಷನ್ ಹುಡುಗನಿಗೆ ಹಣ ಬಾಕಿಯಾದರೆ ಯಾರ ಬಾಗಿಲು ತಟ್ಟುತ್ತಾನೆ? ಇದನ್ನು ಮಗನಿಗೂ ಕೇಳಿ.

ಕಾಲು ಸೋತ ಮೇಲೆ ಏನು ಎಂದಿರಿ. ಸ್ಟಾಪರಿಗೆ ವಯಸ್ಸು ತಡವಾಗಿ ತಟ್ಟುತ್ತದೆ. ಓಟ ಕಡಿಮೆಯಾದಷ್ಟು ನಿಲ್ಲುವ ಜಾಗ ಗೊತ್ತಾಗುತ್ತ ಹೋಗುತ್ತದೆ. ಸ್ಕಿಯಾವಿ ಎಂಬ ಸ್ಟಾಪರ್ ರಾಷ್ಟ್ರೀಯ ತಂಡಕ್ಕೆ ಮೊದಲ ಸಲ ಆಡಿದ್ದು 36ನೇ ವಯಸ್ಸಿನಲ್ಲಿ, 2009ರಲ್ಲಿ. ಇನ್ನು ಈಗಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಟಾಪಿಯಾ ಆಗ ಕೆಳ ಡಿವಿಷನ್‌ನಲ್ಲಿದ್ದ ಬರಾಕಾಸ್ ಸೆಂಟ್ರಲ್ ಎಂಬ ಕ್ಲಬ್ಬಿನಲ್ಲಿ ಆಡಿ, ಬೀದಿ ಗುಡಿಸುವ ಕೆಲಸವನ್ನೂ ಮಾಡಿದವರು. ಆದರೆ ಅವರು ಡಿಫೆಂಡರ್ ಅಲ್ಲ, ಎಲ್ಲರಿಗೂ ಆ ಯೋಗವೂ ಇಲ್ಲ.

ಒಂದು ಅಧಿಕಪ್ರಸಂಗ: 2011ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾ ಕೋಲ್ಕತ್ತದಲ್ಲಿ ವೆನೆಜುವೆಲಾ ಎದುರು ಆಡಿತು. ಕ್ರೀಡಾಂಗಣ ತುಂಬಿದ್ದು ಮೆಸ್ಸಿಗಾಗಿ. ಪಂದ್ಯದ ಏಕೈಕ ಗೋಲು ಹೊಡೆದದ್ದು ಸ್ಟಾಪರ್ ಒಟಮೆಂಡಿ, ತಲೆಯಿಂದ. ಹದಿನಾಲ್ಕು ವರ್ಷಗಳಿಂದ ಇದನ್ನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಬಿ.ಎಂ. ರಸ್ತೆ ಅಂಗಡಿ (ಹಾಸನ)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಪ್ಪ ಮಗ ಇಬ್ಬರೂ ಕೂತು ನೋಡಿದೆವು. ಒಂದು ಬದಿಯ ಗ್ಯಾಲರಿ ಪೂರಾ ಖಾಲಿ. ಹಾಕಿದ ಬಂಡವಾಳ ನೆನೆದು ಮರುಗಿದೆ. ಹೊರ ಊರಿನ ಅಭಿಮಾನಿಗಳಿಗೆ ಪ್ರವೇಶ ಇಲ್ಲವಂತೆ. ಸಾವುನೋವು ಆಗಿ ಕೆಳ ಡಿವಿಷನ್‌ಗಳಲ್ಲಿ 2007ರಿಂದ, ಮೇಲಿನದರಲ್ಲಿ 2013ರಿಂದ ನಿಷೇಧ ಹಾಕಿದ್ದಾರೆ, ಈಚೆಗೆ ಅಲ್ಲಲ್ಲಿ ಸಡಿಲಿಸುತ್ತಿದ್ದಾರೆ ಎಂದು ಮಗ ಹೇಳಿದ.

ನಮ್ಮ ಮನುಷ್ಯನದು 2ನೇ ನಂಬರು. ಚೆಂಡು ಅವನ ಬಳಿ ಬರುವುದೇ ಅಪರೂಪ, ಬಂದರೆ ಒಂದೇ ಒದೆತ, ಹೊರಗೆ. ಆದರೆ ಬಾಯಿ ನಿಲ್ಲುವುದಿಲ್ಲ. ಪಕ್ಕದ ಹುಡುಗ 6ನೇ ನಂಬರಿನವನ ತೋಳು ಹಿಡಿದು ಎರಡು ಹೆಜ್ಜೆ ಎಡಕ್ಕೆ ಎಳೆದು ನಿಲ್ಲಿಸಿದ. ಮರುಕ್ಷಣ ಚೆಂಡು ಬಂದು ಬಿದ್ದದ್ದು ಆ ಹುಡುಗನ ಕಾಲಿಗೇ. ಎದುರಾಳಿ ಗೋಲಿನ ಹತ್ತಿರ ಚೆಂಡು ತಂದಾಗಲೆಲ್ಲ ನಮ್ಮವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಅಡ್ಡಡ್ಡ ಸರಿಯುತ್ತಿದ್ದ. ಯಾಕೋ ಎಂದೆ. ಚೆಂಡು ಕೈಗೆ ತಗುಲಿದರೆ ಪೆನಾಲ್ಟಿ ಎಂದ ಮಗ. ಕೈ ಕಟ್ಟಿಕೊಂಡು ಓಡುವುದು ಎಷ್ಟು ಕಷ್ಟ ಎಂದು ತಿಳಿಯಲು ಆಮೇಲೆ ಹಜಾರದಲ್ಲಿ ನಾನೇ ನಾಲ್ಕು ಹೆಜ್ಜೆ ಓಡಿ ನೋಡಿದೆ. ಮನೆಯವಳು ಎದ್ದು ದೀಪ ಹಾಕಿದಳು.

ಸೊನ್ನೆ-ಸೊನ್ನೆಯಲ್ಲಿ ಮುಗಿಯಿತು. ಖಾತೆಯಲ್ಲಿ ಬಿಟ್ಟುಕೊಟ್ಟ ಗೋಲು ಎಂಬ ಕಲಮು ಹಾಕಿಕೊಂಡಿರಲಿಲ್ಲ, ಈಗ ಹಾಕಿದ್ದೇನೆ. ಬಿ.ಕಾಂ. ವಿಚಾರದಲ್ಲಿ ಮಾತ್ರ ರಿಯಾಯಿತಿ ಇಲ್ಲ, ಅದನ್ನು ಅವನಿಗೆ ಹೇಳಿಯಾಗಿದೆ.

ಫುಲ್‌ಬ್ಯಾಕ್ ಅವರೇ, ಮಗ ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಹಿಡಿದುಕೊಳ್ಳುತ್ತಾನೆ. ನನ್ನ ಮುಂದೆ ಏನೂ ಇಲ್ಲ ಎನ್ನುತ್ತಾನೆ. ಒಳ್ಳೆಯ ಪಟ್ಟಿ ಹಾಸನದಲ್ಲಿ ಎಲ್ಲಿ ಸಿಗುತ್ತದೆ?

ಹಳೆಯ ಫುಲ್‌ಬ್ಯಾಕ್ (ಹಾಸನ)

ಪಟ್ಟಿ ಆಮೇಲೆ. ಮೊದಲು ಮೂಳೆ ವೈದ್ಯರಿಗೆ ತೋರಿಸಿ, ನಾನು ತೋರಿಸದೇ ಕೆಟ್ಟೆ. ನಾಳೆ ಬೆಳಿಗ್ಗೆ ಆರಕ್ಕೆ ಜಿಲ್ಲಾ ಕ್ರೀಡಾಂಗಣದ ಗೇಟಿನ ಬಳಿ ಇರುತ್ತೇನೆ. ಹುಡುಗನನ್ನು ಕಳುಹಿಸಿ, ಓಡಲು ಅಲ್ಲ, ನಡೆಯಲು. ನಡಿಗೆ ನೋಡಿದರೆ ನನಗೆ ಗೊತ್ತಾಗುತ್ತದೆ.