ಸಿ.ಟಿ. ವರದಿಯಲ್ಲಿ ಶೇ. 70 ಬ್ಲಾಕ್: ಈ ವಾರವೇ ಸ್ಟೆಂಟ್ ಬೇಕೇ, ಮಾತ್ರೆ ತೆಗೆದುಕೊಂಡು ಕಾಯಬಹುದೇ?

ಡೊಂಬಿವಲಿ ಕಾರ್ಕಳದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಊರು ಕಾರ್ಕಳದ ಕಡೆ, ವಾಸ ಇಪ್ಪತ್ತಾರು ವರ್ಷಗಳಿಂದ ಡೊಂಬಿವಲಿ. ಮೂರು ತಿಂಗಳಿಂದ, ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ ಸ್ಟೇಷನ್ ಸೇತುವೆಯ ಮೆಟ್ಟಿಲುಗಳನ್ನು ಬಿರುಸಾಗಿ ಹತ್ತಿದರೆ ಎದೆಯ ನಡುವೆ ಯಾರೋ ಅಂಗೈ ಒತ್ತಿ ಹಿಡಿದಂತಾಗುತ್ತದೆ. ಮೇಲೆ ಹೋಗಿ ಕಟಕಟೆಗೆ ಒರಗಿ ಎರಡು ನಿಮಿಷ ನಿಂತರೆ ತಾನಾಗಿಯೇ ಇಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಷ್ಟು ನಡೆದರೂ ತೊಂದರೆಯಿಲ್ಲ, ಕುಳಿತಾಗ ಅಥವಾ ಮಲಗಿದಾಗ ಒಮ್ಮೆಯೂ ಬಂದಿಲ್ಲ.

ನಮ್ಮ ಫ್ಯಾಮಿಲಿ ಡಾಕ್ಟರರು ಎಕೋ ಮಾಡಿಸಿ, ಹೃದಯದ ಪಂಪಿಂಗ್ ಶೇ. 60 ಇದೆ, ಚೆನ್ನಾಗಿದೆ ಎಂದರು. ಟ್ರೆಡ್‌ಮಿಲ್ ಪರೀಕ್ಷೆಯ ಎಂಟನೆಯ ನಿಮಿಷದಲ್ಲಿ ಇಸಿಜಿ ಸ್ವಲ್ಪ ಬದಲಾದುದರಿಂದ ಸಿ.ಟಿ. ಆಂಜಿಯೋಗ್ರಫಿ ಮಾಡಿಸಬೇಕಾಯಿತು. ಹೃದಯದ ಮೂರು ಮುಖ್ಯ ರಕ್ತನಾಳಗಳಲ್ಲಿ ಎಲ್‌ಎಡಿ ಎಂಬುದರ ನಡುಭಾಗದಲ್ಲಿ ಶೇ. 70 ಬ್ಲಾಕ್, ಉಳಿದೆರಡರಲ್ಲಿ ಅಲ್ಲಲ್ಲಿ ಕೊಬ್ಬಿನ ಪದರ ಎಂದು ವರದಿ ಬಂದಿದೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 142. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡಕ್ಕೆ ಐದು ವರ್ಷಗಳಿಂದ ಮಾತ್ರೆಯಿದೆ. ತಂದೆಯವರು 56ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು.

ವರದಿ ಹಿಡಿದುಕೊಂಡು ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಐದು ನಿಮಿಷ ನೋಡಿ, "ಇದು ಟೈಮ್ ಬಾಂಬ್, ಶುಕ್ರವಾರದೊಳಗೆ ದಾಖಲಾಗಿ" ಎಂದುಬಿಟ್ಟರು. ನನ್ನ ಹೆಂಡತಿ ಅಲ್ಲಿಯೇ ಅತ್ತಳು. ಫ್ಯಾಮಿಲಿ ಡಾಕ್ಟರರು ಮಾತ್ರ ಮೂರು ತಿಂಗಳು ಮಾತ್ರೆಯಲ್ಲಿ ನೋಡೋಣ, ಇತ್ತೀಚಿನ ಸಂಶೋಧನೆಗಳು ಅದನ್ನೇ ಹೇಳುತ್ತವೆ ಎನ್ನುತ್ತಾರೆ. ಆ ಸಂಶೋಧನೆಗಳು ಯಾವುವು, ನನ್ನಂಥವನಿಗೆ ಅವು ಅನ್ವಯಿಸುತ್ತವೆಯೇ ಎಂದು ತಿಳಿದವರು ವಿವರಿಸಬೇಕಾಗಿ ವಿನಂತಿ. ಇನ್ನೊಂದು ಅನುಮಾನವೂ ಇದೆ: ಊರಿನಲ್ಲಿರುವ ನನ್ನ ಭಾವ ಕೊಲೆಸ್ಟರಾಲ್ ಮಾತ್ರೆಯಿಂದ ಕಾಲುನೋವು ಬಂತೆಂದು ಅದನ್ನು ನಿಲ್ಲಿಸಿದ್ದಾರೆ, ನನಗೂ ಬೇಡವೆನ್ನುತ್ತಿದ್ದಾರೆ.

ಕೋಥ್ರೂಡ್ ನಿವೃತ್ತ ವೈದ್ಯ

ನಿಮ್ಮನ್ನು ನೋಡದೆ, ಸಿ.ಟಿ. ಚಿತ್ರಗಳನ್ನು ನೋಡದೆ ನಾನು ಚಿಕಿತ್ಸೆ ಹೇಳಲಾರೆ. ಆದರೆ ನೀವು ಕೇಳಿದ್ದು ಸಂಶೋಧನೆಯ ಬಗ್ಗೆ, ಅದನ್ನು ಹೇಳಬಲ್ಲೆ.

ಮೊದಲು "ಬ್ಲಾಕ್" ಎಂಬ ಮಾತನ್ನು ಸ್ವಲ್ಪ ಬದಿಗಿಡಿ, ಅರ್ಧ ಗಾಬರಿ ಆ ಮಾತಿನಿಂದಲೇ ಹುಟ್ಟುತ್ತದೆ. ರಕ್ತನಾಳವನ್ನು ನಲ್ಲಿಯ ಕೊಳವೆಯಂತೆ ಕಲ್ಪಿಸಿಕೊಂಡು, ಶೇ. 70 ಮುಚ್ಚಿದ್ದು ನಾಳೆ ಶೇ. 100 ಆಗುತ್ತದೆ, ಆಗ ಹೃದಯಾಘಾತ ಎಂದು ಜನ ತಿಳಿಯುತ್ತಾರೆ. ಹೃದಯಾಘಾತ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ರಕ್ತನಾಳದ ಗೋಡೆಯೊಳಗೆ ಕೂಡಿಕೊಂಡ ಕೊಬ್ಬಿನ ಮೇಲಿನ ತೆಳು ಪೊರೆ ಕುರು ಒಡೆದಂತೆ ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ಹೃದಯಾಘಾತವಾದವರ ಹಳೆಯ ಆಂಜಿಯೋಗ್ರಾಮ್‌ಗಳನ್ನು 1980ರ ದಶಕದ ಕೊನೆಯಲ್ಲಿ ತೆಗೆದು ನೋಡಿದಾಗ, ಮುಂದೆ ಒಡೆದ ಜಾಗ ಅಂದು ಅನೇಕರಲ್ಲಿ ಶೇ. 50ಕ್ಕಿಂತಲೂ ಕಡಿಮೆ ಕಿರಿದಾಗಿತ್ತು. ನಿಮ್ಮ ವರದಿಯಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು ಎಲ್‌ಎಡಿಯ ಶೇ. 70, "ಉಳಿದೆರಡರಲ್ಲಿ ಅಲ್ಲಲ್ಲಿ" ಎಂದು ನೀವು ಒಂದೇ ಮಾತಿನಲ್ಲಿ ದಾಟಿಸಿದ ಪದರಗಳೂ ನನಗೆ ಅಷ್ಟೇ ಮುಖ್ಯ. ಸ್ಟೆಂಟ್ ಒಂದು ಜಾಗವನ್ನು ಅಗಲಿಸುತ್ತದೆ, ಮಾತ್ರೆ ಎಲ್ಲ ಜಾಗಗಳಿಗೂ ಹೋಗುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ. 37 ದೇಶಗಳ 5,179 ರೋಗಿಗಳು, ಅವರಲ್ಲಿ ಭಾರತದವರೂ ಇದ್ದರು. ಎಲ್ಲರಿಗೂ ಶ್ರಮ ಪರೀಕ್ಷೆಯಲ್ಲಿ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂದು ಸಾಕಷ್ಟು ಸ್ಪಷ್ಟವಾಗಿಯೇ ಕಂಡಿತ್ತು. ಅರ್ಧ ಜನರಿಗೆ ಮಾತ್ರೆಗಳ ಜೊತೆಗೆ ಮೊದಲೇ ಆಂಜಿಯೋಗ್ರಫಿ ಮಾಡಿ, ಅಗತ್ಯ ಕಂಡಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರು. ಉಳಿದರ್ಧ ಜನರಿಗೆ ಮೊದಲು ಮಾತ್ರೆ, ಅದು ಸೋತರೆ ಮಾತ್ರ ಆಂಜಿಯೋಗ್ರಫಿ. ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ನೋಡಿದ ಮೇಲೆ ಮೊದಲ ಗುಂಪಿನಲ್ಲಿ 145 ಸಾವು, ಎರಡನೆಯದರಲ್ಲಿ 144. ಆದರೆ ಎದೆನೋವಿನ ವಿಷಯದಲ್ಲಿ ಮೊದಲ ಗುಂಪಿಗೆ ನಿಜವಾದ ಲಾಭವಾಯಿತು, ಅದರಲ್ಲಿಯೂ ಪದೇ ಪದೇ ನೋವು ಬರುತ್ತಿದ್ದವರಿಗೆ. ಸ್ಥಿರವಾಗಿರುವ ರೋಗಿಗೆ ಸ್ಟೆಂಟ್ ಹಾಕುವುದು ಮುಖ್ಯವಾಗಿ ನೋವಿಗಾಗಿ, ಆಯುಸ್ಸಿಗಾಗಿ ಅಲ್ಲ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಹೀಗೆ.

ಈ ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನು ಹೇಳದಿದ್ದರೆ ಮೋಸ ಮಾಡಿದಂತಾದೀತು. ಎಡ ಮುಖ್ಯ ಧಮನಿಯಲ್ಲಿಯೇ (ಎಲ್‌ಎಡಿ ಕವಲೊಡೆಯುವ ಬುಡದ ನಾಳ) ಶೇ. 50 ಅಥವಾ ಹೆಚ್ಚು ಕಿರಿದಾದವರು, ಪಂಪಿಂಗ್ ಶೇ. 35ಕ್ಕಿಂತ ಕಡಿಮೆಯಿದ್ದವರು, ಇತ್ತೀಚೆಗೆ ಹೃದಯಾಘಾತವಾದವರು, ಮಾತ್ರೆ ನುಂಗಿಯೂ ನೋವು ತಡೆಯಲಾಗದವರು ಹೊರಗಿದ್ದರು. ನೀವು ಬರೆದುದನ್ನು ನೋಡಿದರೆ ನೀವು ಒಳಗೇ ಬರುತ್ತೀರಿ. ಎಡ ಮುಖ್ಯ ಧಮನಿಯ ಬಗ್ಗೆ ವರದಿಯಲ್ಲಿ ಏನಿದೆಯೆಂದು ಮಾತ್ರ ಡಾಕ್ಟರರನ್ನು ಬಾಯಿಬಿಟ್ಟು ಕೇಳಿ. ಕುಳಿತಲ್ಲಿ ನೋವು ಬಂದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರತೊಡಗಿದರೆ, ಈ ಲೆಕ್ಕವೆಲ್ಲ ಬದಲಾಗುತ್ತದೆ. ಆಗ ಶುಕ್ರವಾರದವರೆಗೂ ಕಾಯುವಂತಿಲ್ಲ, ಆ ಗಂಟೆಯೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಸಿ.ಟಿ. ಮಾಡಿಸಿದ್ದು ವ್ಯರ್ಥವೇ ಎಂದರೆ ಖಂಡಿತ ಅಲ್ಲ. ಸ್ಕಾಟ್ಲೆಂಡಿನ ಸ್ಕಾಟ್-ಹಾರ್ಟ್ ಅಧ್ಯಯನದಲ್ಲಿ ಎದೆನೋವಿನ 4,146 ಜನರ ಪೈಕಿ ಸಿ.ಟಿ. ಆಂಜಿಯೋಗ್ರಫಿ ಆದ ಗುಂಪಿನಲ್ಲಿ ಐದು ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಶೇ. 2.3, ಆಗದ ಗುಂಪಿನಲ್ಲಿ ಶೇ. 3.9. ಇದರ ಸ್ವಾರಸ್ಯವೇನೆಂದರೆ, ಐದು ವರ್ಷಗಳಲ್ಲಿ ಎರಡು ಗುಂಪುಗಳಲ್ಲಿಯೂ ಸ್ಟೆಂಟ್ ಮತ್ತು ಬೈಪಾಸ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು, ಸಿ.ಟಿ. ಕಂಡವರಲ್ಲಿ ಹೆಚ್ಚು ಜನ ಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಮಾತ್ರೆ) ಮತ್ತು ಆಸ್ಪಿರಿನ್ ಶುರುಮಾಡಿದ್ದರು. ಚಿತ್ರ ನೋಡಿ ಮಾತ್ರೆ ನುಂಗಿದವರು ಹೃದಯಾಘಾತದಿಂದ ತಪ್ಪಿಸಿಕೊಂಡರು ಎಂದರೆ ಹೆಚ್ಚು ತಪ್ಪಾಗಲಾರದು.

ಆದ್ದರಿಂದ ನಿಮ್ಮ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿ 70 ಅಲ್ಲ, 142. ನಿಮ್ಮಂಥವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಲ್ಲಿ ಹೇಳಿತು. ಅತಿ ಹೆಚ್ಚು ಅಪಾಯವಿರುವವರಿಗೆ ಭಾರತದ ಕಾರ್ಡಿಯಾಲಾಜಿಕಲ್ ಸೊಸೈಟಿಯ 2024ರ ಮಾರ್ಗಸೂಚಿಯ ಗುರಿಯೂ ಅದೇ. ಸ್ಟಾಟಿನ್ ಪ್ರಮಾಣವನ್ನು ಇಮ್ಮಡಿಸಿದರೆ ಎಲ್‌ಡಿಎಲ್ ಮತ್ತೆ ಇಳಿಯುವುದು ಶೇ. 6ರಷ್ಟು ಮಾತ್ರ, ಜೊತೆಗೆ ಎಝೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟರಾಲ್ ಮಾತ್ರೆ ಸೇರಿಸಿದರೆ ಶೇ. 20ರ ಆಸುಪಾಸು ಇಳಿಯುತ್ತದೆ. ಎರಡೂ ಒಂದೇ ಗುಳಿಗೆಯಲ್ಲಿ ಸಿಗುತ್ತವೆ. ಅದೂ ಸಾಲದವರಿಗೆ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಬಂದಿವೆ. ಇನ್‌ಕ್ಲಿಸಿರಾನ್ ಆರಂಭದ ಎರಡು ಡೋಸ್‌ಗಳಾದ ಮೇಲೆ ವರ್ಷಕ್ಕೆ ಎರಡೇ ಸಲ. ದುಬಾರಿ, ನಿಮಗೆ ಈಗಲೇ ಬೇಕಾಗಲಾರದು.

ನಿಮ್ಮ ಭಾವನವರ ಕಾಲುನೋವು ಸುಳ್ಳಲ್ಲ, ಅದರ ಕಾರಣ ಮಾತ್ರ ಬೇರೆಯಿರಬಹುದು. ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಚಿಕ್ಕ ಅಧ್ಯಯನ ನನಗೆ ಬಹಳ ಇಷ್ಟ. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಡಬ್ಬಿ ಕೊಟ್ಟರು: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ಖಾಲಿ ತಿಂಗಳುಗಳಲ್ಲಿ ನೋವು ಕಡಿಮೆ. ಸ್ಟಾಟಿನ್ ತಿಂಗಳಲ್ಲಿಯೂ ಹುಸಿ ಮಾತ್ರೆಯ ತಿಂಗಳಲ್ಲಿಯೂ ನೋವು ಹೆಚ್ಚುಕಡಿಮೆ ಸಮ. ಹೆಚ್ಚಳದ ಶೇ. 90ರಷ್ಟಕ್ಕೆ ಮಾತ್ರೆ ನುಂಗುತ್ತಿದ್ದೇನೆ ಎಂಬ ಭಾವನೆಯೇ ಕಾರಣವಾಗಿತ್ತು. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಶುರುಮಾಡಿದರು. ಭಾವನವರ ಸಿಕೆ (ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಬೇರೊಂದು ಸ್ಟಾಟಿನ್ ಕಡಿಮೆ ಪ್ರಮಾಣದಲ್ಲಿ ಪ್ರಯತ್ನಿಸಬಹುದು.

ಮುಲುಂಡ್ ಕ್ಯಾಥ್‌ಲ್ಯಾಬ್

ಹದಿನೆಂಟು ವರ್ಷಗಳಿಂದ ಆಂಜಿಯೋಗ್ರಫಿ, ಸ್ಟೆಂಟ್ ಮಾಡುವ ಕ್ಯಾಥ್‌ಲ್ಯಾಬಿನಲ್ಲಿ ತಂತ್ರಜ್ಞನಾಗಿದ್ದೇನೆ. ಡಾಕ್ಟರರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಇದನ್ನು ಓದಿದವರು ಸ್ಟೆಂಟ್ ಎಂದರೆ ವ್ಯಾಪಾರ ಎಂದು ತೀರ್ಮಾನಿಸಬಾರದೆಂದು ಮೂರು ಮಾತು ಸೇರಿಸುತ್ತೇನೆ.

ಇಸ್ಕೀಮಿಯಾದ ಅದೇ ರೋಗಿಗಳನ್ನು ಏಳು ವರ್ಷದ ಲೆಕ್ಕಕ್ಕೆ ಮುಂದುವರಿಸಿದಾಗ ಹೃದಯ ಸಂಬಂಧದ ಸಾವು ಸ್ಟೆಂಟ್ ಮತ್ತು ಬೈಪಾಸ್ ಗುಂಪಿನಲ್ಲಿ ಶೇ. 6.4, ಮಾತ್ರೆಯ ಗುಂಪಿನಲ್ಲಿ ಶೇ. 8.6 ಎಂದು ಬಂತು. ಎರಡನೆಯದಾಗಿ, 2017ರ ಆರ್ಬಿಟಾ ಅಧ್ಯಯನದಲ್ಲಿ 200 ರೋಗಿಗಳಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿ, ಕೆಲವರಿಗೆ ಹಾಕಿದಂತೆ ನಟಿಸಿ, ನಡೆಯುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ತಂಡ 2023ರಲ್ಲಿ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ 301 ಜನರಲ್ಲಿ ಮತ್ತೆ ನೋಡಿದಾಗ ಸ್ಟೆಂಟ್ ನೋವನ್ನು ನಿಜವಾಗಿಯೂ ಕಡಿಮೆ ಮಾಡಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ಮೂರನೆಯದಾಗಿ, ಡಾಕ್ಟರರು ಹೇಳಿದ ತೆಳು ಪೊರೆಯ ಕುರುಗಳನ್ನು ನಾಳದೊಳಗಿನ ಕ್ಯಾಮೆರಾದಿಂದ ಗುರುತಿಸಿ, ಒಡೆಯುವ ಮೊದಲೇ ಸ್ಟೆಂಟ್ ಹಾಕಿದರೆ ಹೇಗೆ ಎಂದು 2024ರಲ್ಲಿ ಪ್ರಕಟವಾದ ಪ್ರಿವೆಂಟ್ ಅಧ್ಯಯನ ಕೇಳಿತು: ದಕ್ಷಿಣ ಕೊರಿಯಾ ಮತ್ತು ಇತರ ಮೂರು ದೇಶಗಳ 1,606 ಜನರ ಪೈಕಿ ಹಾಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಎರಡು ವರ್ಷಕ್ಕೆ ತೊಂದರೆಯ ಪ್ರಮಾಣ ಶೇ. 0.4, ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 3.4.

ಬೆಲೆಯ ಬಗ್ಗೆಯೂ ಒಂದು ಮಾತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿ ಮಿತಿ ಹಾಕಿತು. ಆ ಮಿತಿ ಸ್ಟೆಂಟಿಗೆ, ಪ್ಯಾಕೇಜಿಗಲ್ಲ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ಬರೆದಿದೆಯೇ ಎಂದು ನೋಡಿಕೊಳ್ಳಿ.

ಕೋಥ್ರೂಡ್ ನಿವೃತ್ತ ವೈದ್ಯ

ಮುಲುಂಡಿನವರ ಅಂಕಿಗಳೆಲ್ಲ ಸರಿ. ಆದರೆ ಏಳು ವರ್ಷದ ಅದೇ ಲೆಕ್ಕದಲ್ಲಿ ಹೃದಯಕ್ಕೆ ಸಂಬಂಧಿಸದ ಸಾವು ಸ್ಟೆಂಟ್ ಮತ್ತು ಬೈಪಾಸ್ ಗುಂಪಿನಲ್ಲಿ ಹೆಚ್ಚಾಗಿ, ಒಟ್ಟು ಸಾವು ಶೇ. 12.7 ಮತ್ತು 13.4 ಎಂದು ಬಹುತೇಕ ಸಮವೇ ಉಳಿಯಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಏಕೆ ಕಿತ್ತುಕೊಂಡಿತೆಂಬುದರ ಚರ್ಚೆ ಮುಗಿದಿಲ್ಲ. ಪ್ರಿವೆಂಟ್‌ನಲ್ಲಿ ತಪ್ಪಿದ್ದು ಬಹುಪಾಲು ಮುಂದಿನ ಸ್ಟೆಂಟ್ ಮತ್ತು ಎದೆನೋವಿಗೆ ದಾಖಲಾಗುವುದು. ಅಲ್ಲದೆ ಆ ಕುರುಗಳನ್ನು ಆರಿಸಿದ್ದು ನಾಳದೊಳಗೆ ನೋಡಿ, ಸಿ.ಟಿ. ವರದಿಯ ಒಂದು ಸಾಲನ್ನು ಓದಿ ಅಲ್ಲ. ಆರ್ಬಿಟಾ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ: ಮಾತ್ರೆ ಸೋತರೆ, ಅಥವಾ ಜೀವಮಾನವಿಡೀ ನೋವಿನ ಮಾತ್ರೆ ಬೇಡವೆಂದು ರೋಗಿಯೇ ತಿಳಿದು ಹೇಳಿದರೆ, ಸ್ಟೆಂಟ್ ಒಳ್ಳೆಯ ಚಿಕಿತ್ಸೆ. ನನ್ನ ಆಕ್ಷೇಪ "ಟೈಮ್ ಬಾಂಬ್" ಎಂಬ ಶಬ್ದಕ್ಕೆ ಮಾತ್ರ.

ಮಡಗಾಂವ್ ಧಾರವಾಡದವಳು

ಮೇಲಿನ ಚರ್ಚೆಯೆಲ್ಲ ಸ್ಥಿರವಾಗಿರುವ ರೋಗಿಯದು. ಅದನ್ನು ಓದಿ ಯಾರಾದರೂ ನಿಜವಾದ ಹೃದಯಾಘಾತದಲ್ಲಿಯೂ ಮಾತ್ರೆ ನುಂಗಿ ಮನೆಯಲ್ಲಿ ಕುಳಿತಾರೆಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ ಬೆಳಗಿನ ಜಾವ ಎದೆಯುರಿ, ಬೆವರು. ಗ್ಯಾಸ್ ಎಂದು ಓಂಕಾಳಿನ ನೀರು ಕುಡಿಸಿದೆ. ನಲವತ್ತು ನಿಮಿಷ ಹಾಗೆಯೇ ಕಳೆಯಿತು. ಆಮೇಲೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ದೆವು. ಗೋವೆಯಲ್ಲಿ ಇಂಥ ಕೇಂದ್ರಗಳನ್ನು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಜೋಡಿಸಿದ ವ್ಯವಸ್ಥೆಯಿದೆ. ಇಸಿಜಿಯನ್ನು ದೂರದಿಂದಲೇ ಓದಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಆಮೇಲೆ ಆಂಬುಲೆನ್ಸಿನಲ್ಲಿ ಕಳುಹಿಸುತ್ತಾರೆ. ಯಜಮಾನರಿಗೂ ಹಾಗೆಯೇ ಆಯಿತು. ನಾನು ಮಾತ್ರ ಆ ನಲವತ್ತು ನಿಮಿಷಗಳನ್ನು ಇವತ್ತಿಗೂ ಲೆಕ್ಕ ಹಾಕುತ್ತಿರುತ್ತೇನೆ.

ಕೋಥ್ರೂಡ್ ನಿವೃತ್ತ ವೈದ್ಯ

ತಂಗಿ, ನಲವತ್ತು ನಿಮಿಷಕ್ಕೆ ನೀವು ಹೊರಟಿರಿ. ನನ್ನ ಬಳಿಗೆ ಮರುದಿನ ಬಂದವರು ಎಷ್ಟೋ ಜನ. ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ನಾಳ ಅಗಲಿಸಿ ಸ್ಟೆಂಟ್ ಹಾಕುವುದು) ಸಾಧ್ಯವಿಲ್ಲದ ಕಡೆ ಮೊದಲು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಆಮೇಲೆ ಕಳುಹಿಸಿದರೆ ಫಲ ಸರಿಸುಮಾರು ಸಮವೆಂದು 2013ರ ಸ್ಟ್ರೀಮ್ ಅಧ್ಯಯನ 1,892 ರೋಗಿಗಳಲ್ಲಿ ತೋರಿಸಿತು, ಆದರೆ ಅವರೆಲ್ಲರೂ ನೋವು ಶುರುವಾದ ಮೂರು ಗಂಟೆಯೊಳಗೆ ಬಂದವರು.

ಡೊಂಬಿವಲಿ ಕಾರ್ಕಳದವ

ಆರು ವಾರಗಳ ಮೇಲೆ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಬೇರೊಬ್ಬ ಹೃದ್ರೋಗ ತಜ್ಞರು ಸಿ.ಟಿ.ಯನ್ನು ವರದಿಯಲ್ಲಲ್ಲ, ಚಿತ್ರಗಳಲ್ಲಿಯೇ ನೋಡಿ ಎಡ ಮುಖ್ಯ ಧಮನಿ ಸ್ವಚ್ಛವಾಗಿದೆಯೆಂದರು. ಆಸ್ಪಿರಿನ್, ರೊಸುವಾಸ್ಟಾಟಿನ್ ಜೊತೆಗೆ ಎಝೆಟಿಮೈಬ್, ನೋವಿಗೆ ಮೆಟೊಪ್ರೊಲಾಲ್. ನೋವು ಬಂದರೆ ಸಾರ್ಬಿಟ್ರೇಟ್ ಮಾತ್ರೆಯನ್ನು ಕುಳಿತುಕೊಂಡೇ ನಾಲಿಗೆಯ ಕೆಳಗಿಡಬೇಕೆಂದು ಹೇಳಿ ಜೇಬಿಗೆ ಕೊಟ್ಟಿದ್ದಾರೆ, ಇದುವರೆಗೆ ಬೇಕಾಗಿಲ್ಲ. ಎಲ್‌ಡಿಎಲ್ ಈಗ 61. ಮೆಟ್ಟಿಲುಗಳನ್ನು ಒಂದು ಲೋಕಲ್ ಬಿಟ್ಟುಕೊಟ್ಟು ನಿಧಾನವಾಗಿ ಹತ್ತುತ್ತೇನೆ. ಒತ್ತಡ ಎರಡು ಸಲ ಮಾತ್ರ ಬಂದಿದೆ. ಮಾತ್ರೆಗಳ ಮೇಲೂ ನೋವು ಉಳಿದರೆ ಸ್ಟೆಂಟ್ ಎಂಬ ಮಾತಾಗಿದೆ.

ಲಿಪೊಪ್ರೋಟೀನ್-ಎ ಎಂಬ ಪರೀಕ್ಷೆಯನ್ನೂ ಮಾಡಿಸಿದರು. 50 ಮೀರಬಾರದಂತೆ, ನನ್ನದು 88. ಇದಕ್ಕೇನು ಮಾಡಬೇಕು? ಮಗನಿಗೆ 24, ಮಗಳಿಗೆ 19, ಅವರಿಗೂ ಮಾಡಿಸಬೇಕೇ?

ಕೋಥ್ರೂಡ್ ನಿವೃತ್ತ ವೈದ್ಯ

ಮಾಡಿಸಿ, ಇಬ್ಬರಿಗೂ. ಇದು ವಂಶದಿಂದ ಬರುವ ಕಣ. ಊಟ, ನಡಿಗೆಗಳಿಂದ ಹೆಚ್ಚೇನೂ ಬದಲಾಗುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು. ನಾನು ಹೇಳಿದ 2024ರ ಭಾರತೀಯ ಮಾರ್ಗಸೂಚಿಯೂ ಎಲ್ಲರಿಗೂ ಒಮ್ಮೆ ಮಾಡಿಸಿ ಎನ್ನುತ್ತದೆ. ನಿಮ್ಮ ತಂದೆಯವರ 56ನೆಯ ವಯಸ್ಸಿಗೆ ಇದೂ ಒಂದು ಕಾರಣವಾಗಿರಬಹುದು. ಇದನ್ನೇ ಇಳಿಸುವ ಪೆಲಾಕಾರ್ಸೆನ್‌ನಂಥ ಚುಚ್ಚುಮದ್ದುಗಳನ್ನು ದೊಡ್ಡ ಅಧ್ಯಯನಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಸದ್ಯಕ್ಕೆ ದಾರಿಯೆಂದರೆ ನಿಮ್ಮ 61ನ್ನು 55ರ ಕೆಳಗೆ ತರುವುದು, ರಕ್ತದೊತ್ತಡವನ್ನು ಸಡಿಲ ಬಿಡದಿರುವುದು. ಮಕ್ಕಳದು ಹೆಚ್ಚು ಬಂದರೆ ಗಾಬರಿ ಬೇಡ, ಅವರ ಎಲ್‌ಡಿಎಲ್ ಅನ್ನು ಈಗಿನಿಂದಲೇ ನೋಡಿಕೊಳ್ಳಿ; ಮಗ ಸಿಗರೇಟು ಸೇದುತ್ತಿದ್ದರೆ ಅದು ಮೊದಲು ನಿಲ್ಲಲಿ. ಭಾವನವರ ಸಿಕೆ ಪರೀಕ್ಷೆ ಮಾಡಿಸಿದಿರಾ, ಎಷ್ಟು ಬಂತು?