ಚರ್ಚೆ: ತರಗತಿಯಲ್ಲಿ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು?

ಕಪ್ಪುಹಲಗೆ:
ಶಿಕ್ಷಕರ ತರಬೇತಿಗಳಲ್ಲಿ 'ಸಂವಹನ ಕೌಶಲ' ಅಂದ ಕೂಡಲೇ ಬರುವ ವಿಷಯಗಳು ಗೊತ್ತಿರುವವೇ: ಧ್ವನಿಯ ಏರಿಳಿತ, ಕೈಸನ್ನೆ, ನಿಲ್ಲುವ ಭಂಗಿ, ಸ್ಪಷ್ಟ ಉಚ್ಚಾರಣೆ. ಮಕ್ಕಳ ಪಾಲಿಗೆ ಅದೇ ಮಾತು ಭಾಷಣ ಸ್ಪರ್ಧೆಗೆ ಬಂದು ನಿಲ್ಲುತ್ತದೆ. ಇಡೀ ಕ್ಲಾಸಿನಲ್ಲಿ ಇಬ್ಬರೋ ಮೂವರೋ ವೇದಿಕೆ ಹತ್ತುತ್ತಾರೆ, ಉಳಿದವರು ಚಪ್ಪಾಳೆ ಹೊಡೆಯುತ್ತಾರೆ. ಇದು ಬುಡದಲ್ಲೇ ತಪ್ಪಿದೆ ಅನ್ನುವುದು ನನ್ನ ವಾದ. ಶಾಲೆಯಲ್ಲಿ ನಮಗೆ ಮಾತಾಡುವವರ ಕೊರತೆ ಇಲ್ಲ, ಕೇಳಿಸಿಕೊಳ್ಳುವವರ ಕೊರತೆ ಇದೆ. ತರಗತಿಯ ಮಾತುಕತೆಯನ್ನು ದಾಖಲಿಸಿ ಅಳೆದ ನೆಡ್ ಫ್ಲ್ಯಾಂಡರ್ಸ್ ಹೇಳಿದ ಲೆಕ್ಕ ಇದು: ಪಾಠದ ಹೊತ್ತಿನ ಮೂರರಲ್ಲಿ ಎರಡು ಪಾಲು ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನ ಮೂರರಲ್ಲಿ ಎರಡು ಪಾಲು ಶಿಕ್ಷಕರದ್ದು. ಉಳಿದ ಚೂರನ್ನು ಇಡೀ ತರಗತಿಯ ಮಕ್ಕಳು ಹಂಚಿಕೊಳ್ಳಬೇಕು. ಮಗುವಿಗೆ ದಿನಕ್ಕೆ ಒಂದು ಪೂರ್ತಿ ವಾಕ್ಯ ಹೇಳುವ ಅವಕಾಶವಾದರೂ ಸಿಗುತ್ತಾ? ಏನಂತೀರಿ?

ಮಾತುಗಾರ್ತಿ:
ಒಪ್ಪಲ್ಲ ಸರ್. ಮಕ್ಕಳು ಮಾತಾಡಬೇಕು, ನಿಜ. ಹಾಗಂತ ವಿವರಿಸುವ ಕಲೆಯನ್ನು ಮೂಲೆಗೆ ತಳ್ಳಬೇಡಿ. ವಿಷಯ ಚೆನ್ನಾಗಿ ಗೊತ್ತಿದ್ದೂ ಬಾಯಿ ಬಿಟ್ಟರೆ ಗೊಂದಲ ಎಬ್ಬಿಸುವ ಶಿಕ್ಷಕರು ಎಷ್ಟು ಜನ ಬೇಕು ನಿಮಗೆ? ವಾಕ್ಯದ ಮಧ್ಯೆ ಇನ್ನೊಂದು ವಾಕ್ಯ, ಹೇಳಿದ್ದನ್ನೇ ಬೇರೆ ಪದದಲ್ಲಿ ಹೇಳಿ ಮೊದಲಿನದನ್ನೂ ಕೆಡಿಸುವುದು. ನಾನು ಹೊಸ ಶಿಕ್ಷಕರಿಗೆ ತರಬೇತಿ ಕೊಡುವವಳು. ಒಂದು ಹೊಸ ಪರಿಕಲ್ಪನೆಯನ್ನು ಮೂರೇ ನಿಮಿಷದಲ್ಲಿ, ಒಂದೇ ಉದಾಹರಣೆ ಇಟ್ಟುಕೊಂಡು ಹೇಳಿ ಅಂದರೆ ಬಹಳ ಜನ ತಡಬಡಾಯಿಸುತ್ತಾರೆ. ಜೊತೆಗೆ ಹಾವಭಾವವೂ ಮುಖ್ಯ. ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದ ಶೇ. 93 ಧ್ವನಿ ಮತ್ತು ಮುಖಭಾವ ಅನ್ನುವುದು ಎಲ್ಲ ತರಬೇತಿಗಳಲ್ಲೂ ಹೇಳುವ ಮಾತು.

ವಾಕ್ ಚಿಕಿತ್ಸಕಿ:
ಮೇಡಂ, ಆ ಶೇ. 93ರ ಮಾತನ್ನು ದಯವಿಟ್ಟು ತರಬೇತಿಯಿಂದ ತೆಗೆದುಹಾಕಿ. ಅದರ ಮೂಲ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಬಿಡಿ ಪದವೊಂದನ್ನು ಬೇರೆ ಬೇರೆ ಧ್ವನಿಯಲ್ಲಿ, ಬೇರೆ ಬೇರೆ ಮುಖಭಾವದ ಚಿತ್ರದ ಜೊತೆ ಕೊಟ್ಟು, ಹೇಳುವವರಿಗೆ ನಮ್ಮ ಮೇಲೆ ಒಲವಿದೆಯೋ ಇಲ್ಲವೋ ಎಂದು ಜನ ಹೇಗೆ ಅಳೆಯುತ್ತಾರೆ ಅನ್ನುವುದನ್ನು ಅಲ್ಲಿ ನೋಡಿದ್ದರು. ಭಾವನೆ, ಇಷ್ಟಾನಿಷ್ಟದ ಮಾತಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಸೂತ್ರ ಹೊಂದಲ್ಲ ಅಂತ ಸ್ವತಃ ಅವರೇ ಸ್ಪಷ್ಟಪಡಿಸಿದ್ದಾರೆ. ಬರೀ ಮುಖಭಾವದಿಂದ ದ್ಯುತಿಸಂಶ್ಲೇಷಣೆ ಅರ್ಥ ಮಾಡಿಸಲು ಆಗುತ್ತದೆಯೇ?

ಆದರೆ ನಿಮ್ಮ ಕಾಳಜಿಯ ಒಂದು ಭಾಗ ಸರಿ ಇದೆ. ಮುಖ ಗಂಟಿಕ್ಕಿಕೊಂಡು "ಏನಾದರೂ ಡೌಟ್ ಇದೆಯಾ?" ಅಂದರೆ, ಕೇಳಬೇಡಿ ಅನ್ನುವ ಅರ್ಥವೇ ಮಕ್ಕಳಿಗೆ ಮುಟ್ಟುವುದು.

ಗಣಿತದ ಮೇಷ್ಟ್ರು:
"ಡೌಟ್ ಇದೆಯಾ?", "ಅರ್ಥ ಆಯ್ತಾ?" ಇವೆರಡೂ ಪ್ರಶ್ನೆಗಳೇ ಅಲ್ಲ ಅನ್ನುತ್ತೇನೆ. ಇಡೀ ಕ್ಲಾಸು ಕೋಲೆಬಸವನ ಹಾಗೆ ತಲೆಯಾಡಿಸುತ್ತದೆ, ನಾವು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ನನ್ನ ತರಗತಿಯ ಒಂದು ಮಾತುಕತೆ ಹಾಕುತ್ತೇನೆ, ನೋಡಿ.

ಹಲಗೆಯ ಮೇಲೆ 1/3 + 1/4 ಬರೆದೆ. ಒಬ್ಬ ಹುಡುಗಿ "2/7" ಅಂದಳು. ಮಾಮೂಲಿಯಾಗಿ ಏನಾಗುತ್ತದೆ? "ತಪ್ಪು. ಬೇರೆ ಯಾರು ಹೇಳ್ತೀರಿ?" ಅಲ್ಲಿಗೆ ಆ ಹುಡುಗಿಯ ಕಥೆ ಮುಗಿಯಿತು. ನಾನು ಸರಿ, ತಪ್ಪು ಎರಡೂ ಹೇಳದೆ "ಹೇಗೆ ಮಾಡಿದೆ?" ಅಂತ ಕೇಳಿದೆ.
"ಮೇಲಿಂದು ಮೇಲಿಂದು ಕೂಡಿಸಿದೆ, ಕೆಳಗಿಂದು ಕೆಳಗಿಂದು."
"ಹಾಗಾದ್ರೆ ಅದೇ ರೀತಿ 1/2ಕ್ಕೆ 1/2 ಕೂಡಿಸು."
ಸ್ವಲ್ಪ ಹೊತ್ತು ಸುಮ್ಮನಿದ್ದಳು. "2/4... ಅಂದ್ರೆ ಅರ್ಧಾನೇ ಬಂತು. ಇದು ಆಗಲ್ಲ ಸರ್."
ಅಲ್ಲಿಗೇ ಬಿಡಲಿಲ್ಲ ಅವಳು. "ಆದ್ರೆ ಸರ್, ಒಂದು ಟೆಸ್ಟಲ್ಲಿ ಮೂರಕ್ಕೆ ಒಂದು, ಇನ್ನೊಂದರಲ್ಲಿ ನಾಲ್ಕಕ್ಕೆ ಒಂದು ಬಂದ್ರೆ ಒಟ್ಟು ಏಳಕ್ಕೆ ಎರಡು ತಾನೇ?"

ಅವಳ ಮಾತು ಅಂಕಗಳ ಮಟ್ಟಿಗೆ ಸರಿ! ಅಂಕ ಕೂಡಿಸುವಾಗ ಒಟ್ಟು ಅಂಕವೂ ಬೆಳೆಯುತ್ತದೆ. ಭಿನ್ನರಾಶಿ ಕೂಡಿಸುವಾಗ ಇಡೀ ವಸ್ತು ಬದಲಾಗುವುದಿಲ್ಲ, ಎರಡೂ ಭಾಗಗಳನ್ನು ಒಂದೇ ಇಡಿಯಿಂದ ತೆಗೆದದ್ದು. ಈ ವ್ಯತ್ಯಾಸ ಯಾಕೆ ಅನ್ನುವುದೇ ಆ ದಿನದ ಪಾಠವಾಯಿತು. ಆಮೇಲೆ 12ನೇ ಭಾಗ ಮಾಡಿಕೊಂಡು 4 ಮತ್ತು 3 ಸೇರಿಸಿ 7/12 ತರುವುದು ಯಾರಿಗೂ ಕಷ್ಟವಾಗಲಿಲ್ಲ. ನಾನು ಎಷ್ಟೇ ಚೆನ್ನಾಗಿ ವಿವರಿಸಿದ್ದರೂ ಟೆಸ್ಟಿನ ಉದಾಹರಣೆ ನನಗೆ ಹೊಳೆಯುತ್ತಿರಲಿಲ್ಲ. ಆ ತಪ್ಪು ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಅವಳ ಬಾಯಿಂದಲೇ ಬರಬೇಕಿತ್ತು.

ಮಾತುಗಾರ್ತಿ:
ಚೆಂದದ ಉದಾಹರಣೆ, ಸರ್. ಆದರೆ ಗಮನಿಸಿ, 1/2 + 1/2 ಅನ್ನುವ ಮರುಪ್ರಶ್ನೆ ನಿಮಗೆ ತಟ್ಟನೆ ಹೊಳೆದದ್ದು ವಿಷಯ ಕೈವಶವಾಗಿರುವುದರಿಂದ. ಬರೀ ಕೇಳಿಸಿಕೊಂಡು ಕೂತಿದ್ದರೆ ಅದು ಬರುತ್ತಿರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳುವುದೂ ಮಾತಿನ ಕೌಶಲವೇ, ಅದನ್ನು ಕಲಿಸಲೇಬೇಕು ಅಂತ ನಾನು ಹೇಳುತ್ತಿರುವುದು.

ಕಪ್ಪುಹಲಗೆ:
ಅದಕ್ಕೆ ನನ್ನ ತಕರಾರಿಲ್ಲ ಮೇಡಂ. ತರಬೇತಿಯಲ್ಲಿ ಅದನ್ನು ಕಲಿಸುತ್ತಿಲ್ಲವಲ್ಲ ಅನ್ನುವುದೇ ಸಂಕಟ. ಮೇಷ್ಟ್ರ ಮಾತುಕತೆಯಲ್ಲಿ "ಸ್ವಲ್ಪ ಹೊತ್ತು ಸುಮ್ಮನಿದ್ದಳು" ಅನ್ನುವ ಸಾಲಿದೆಯಲ್ಲ, ಅಲ್ಲಿ ಮೇಷ್ಟ್ರೂ ಸುಮ್ಮನಿದ್ದರು. ಮೇರಿ ಬಡ್ ರೋ ಅನ್ನುವ ಸಂಶೋಧಕಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಗುರುತಿಸಿದ್ದು ಇದನ್ನೇ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡಿನ ಆಸುಪಾಸು. 1974ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, 'ಗೊತ್ತಿಲ್ಲ' ಕಡಿಮೆಯಾಯಿತು, ಹಿಂದೆ ಬಾಯಿ ಬಿಡದವರೂ ಮಾತಾಡಿದರು. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಕಾಯುವುದು ಇನ್ನೂ ಮುಖ್ಯ. "ಯಾಕಂದ್ರೆ..." ಅಂತ ಅಸಲಿ ಮಾತು ಬರುವುದು ಆಗಲೇ.

ಕೊನೇಬೆಂಚು:
ನಾನು ಹತ್ತನೇ ಕ್ಲಾಸ್. ದೊಡ್ಡವರೇ ಮಾತಾಡ್ತಾ ಇದೀರಿ, ನಾನೂ ಹೇಳ್ತೀನಿ. ಸುಮಾರು ಸಲ ಉತ್ತರ ಗೊತ್ತಿದ್ದೂ ನಾನು ಕೈ ಎತ್ತಲ್ಲ. ತಪ್ಪಾದ್ರೆ ಟೀಚರ್ ಬೈಯೋದಕ್ಕಿಂತ ಪಕ್ಕದವರು ಕಿಸಕ್ ಅನ್ನೋದು ಜಾಸ್ತಿ ನೋವಾಗುತ್ತೆ. ಆ ನಗುವನ್ನ ಟೀಚರ್ ಕೇಳಿಸಿಕೊಂಡೂ ಸುಮ್ಮನಿದ್ರೆ, ಅಲ್ಲಿಗೆ ಮುಗೀತು, ವರ್ಷಪೂರ್ತಿ ಬಾಯಿ ತೆರೆಯಲ್ಲ.

ಇನ್ನೊಂದು ವಿಷಯ. ಕೈ ಎತ್ತಿದವರನ್ನೇ ಕೇಳ್ತಾ ಹೋದ್ರೆ ಮುಂದಿನ ಬೆಂಚಿನ ನಾಲ್ಕು ಜನರ ಪಾಠ ಆಗುತ್ತೆ. ಹಾಗಂತ ದಿಢೀರ್ ಅಂತ ಹೆಸರು ಕರೆದು ಎಬ್ಬಿಸಿದ್ರೆ ಗೊತ್ತಿದ್ದದ್ದೂ ಮರೆತುಹೋಗುತ್ತೆ. ನಮ್ಮ ಸಮಾಜ ವಿಜ್ಞಾನದ ಮೇಡಂ ಮೊದಲು ಪಕ್ಕದವರ ಜೊತೆ ಮಾತಾಡ್ಕೊಳ್ಳಿ ಅಂತಾರೆ, ಆಮೇಲೆ "ನಿನ್ನ ಪಕ್ಕದವಳು ಏನಂದಳು?" ಅಂತ ಕೇಳ್ತಾರೆ. ತಪ್ಪಾದ್ರೂ ಅದು ನನ್ನೊಬ್ಬಳ ತಪ್ಪಲ್ಲ. ಆ ಕ್ಲಾಸಲ್ಲಿ ಎಲ್ರೂ ಮಾತಾಡ್ತಾರೆ.

ಗಣಿತದ ಮೇಷ್ಟ್ರು:
ನಿಮ್ಮ ಮೇಡಂಗೆ ನನ್ನ ನಮಸ್ಕಾರ ಹೇಳಮ್ಮ. ಯೋಚಿಸು, ಜೊತೆಗಾರರಿಗೆ ಹೇಳು, ಎಲ್ಲರಿಗೂ ಹೇಳು ಅನ್ನುವ ಈ ಕ್ರಮವನ್ನು 1981ರಲ್ಲಿ ಫ್ರ್ಯಾಂಕ್ ಲೈಮನ್ ಮುಂದಿಟ್ಟರು. ದೊಡ್ಡ ತರಗತಿಗೆ ಇದಕ್ಕಿಂತ ಸುಲಭದ ಉಪಾಯ ನನಗಂತೂ ಕಂಡಿಲ್ಲ. ಅರವತ್ತು ಮಕ್ಕಳಿದ್ದರೆ ಒಂದೇ ಹೊತ್ತಿಗೆ ಮೂವತ್ತು ಜನ ಮಾತಾಡಿರುತ್ತಾರೆ. ಗದ್ದಲ ಆಗುತ್ತದೆ, ಆಗಲಿ. ಆ ಹೊತ್ತಿನಲ್ಲಿ ಬೆಂಚುಗಳ ನಡುವೆ ಓಡಾಡಿ ಕಿವಿಗೊಟ್ಟರೆ ಯಾರಿಗೆ ಎಲ್ಲಿ ಸಿಕ್ಕಾಗಿದೆ ಅಂತ ತಿಳಿಯುತ್ತದೆ.

ಇಬ್ಬರು ಮಕ್ಕಳ ಅಮ್ಮ:
ಎಲ್ಲ ಸರಿ. ನನ್ನ ಚಿಕ್ಕ ಮಗನಿಗೆ ತೊದಲು. ಪಾಠವನ್ನು ಸಾಲಾಗಿ ಒಬ್ಬೊಬ್ಬರೇ ಎದ್ದು ಓದುವ ದಿನ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ. ತನ್ನ ಸರದಿಗೆ ಯಾವ ಸಾಲು ಬರುತ್ತದೆ ಅಂತ ಮೊದಲೇ ಎಣಿಸಿಕೊಂಡು ಅದನ್ನೇ ಮನಸ್ಸಲ್ಲಿ ಓದಿಕೊಳ್ಳುತ್ತಾ ಕೂತಿರುತ್ತಾನಂತೆ. ಬೇರೆಯವರು ಓದಿದ್ದು ಒಂದಕ್ಷರವೂ ತಲೆಗೆ ಹೋಗಿರುವುದಿಲ್ಲ. ಅವನ ಟೀಚರ್ ಒಳ್ಳೆಯವರೇ, "ನಿಧಾನವಾಗಿ ಹೇಳಪ್ಪ, ಉಸಿರು ತಗೊಂಡು ಹೇಳು" ಅಂತಾರೆ. ಅವರು ಹಾಗೆ ಅಂದಷ್ಟೂ ಇವನ ಬಾಯಿ ಕಟ್ಟುತ್ತದೆ. ಎಲ್ಲರೂ ಮಾತಾಡಲೇಬೇಕು ಅನ್ನುವ ನಿಮ್ಮ ತರಗತಿಯಲ್ಲಿ ಇವನು ಏನು ಮಾಡಬೇಕು?

ವಾಕ್ ಚಿಕಿತ್ಸಕಿ:
ಅಮ್ಮಾ, ಟೀಚರ್ ಮನಸ್ಸು ಒಳ್ಳೆಯದೇ, ಆದರೆ ಆ ಸಲಹೆ ಕೆಲಸಕ್ಕೆ ಬರುವುದಿಲ್ಲ. "ನಿಧಾನ" ಅಂದಾಗ ಮಗುವಿನ ಗಮನವೆಲ್ಲ ಹೇಳಬೇಕಾದ ವಿಷಯ ಬಿಟ್ಟು ತನ್ನ ನಾಲಿಗೆಯ ಮೇಲೆ ಹೋಗುತ್ತದೆ. ಅವನ ಪದವನ್ನು ತಾವೇ ಪೂರ್ತಿ ಮಾಡಿಕೊಡಬಾರದು. ಮುಖ ತಿರುಗಿಸದೆ, ಅವಸರ ತೋರಿಸದೆ ಕಾಯಬೇಕು. ತಾವು ನಿಧಾನವಾಗಿ ಮಾತಾಡಬೇಕು. ಸಾಲಾಗಿ ಓದಿಸುವ ಬದಲು ಇಬ್ಬರು ಒಟ್ಟಿಗೆ ದನಿಗೂಡಿಸಿ ಓದುವಂತೆ ಮಾಡಿದರೆ ತೊದಲುವ ಬಹಳಷ್ಟು ಮಕ್ಕಳು ಸರಾಗವಾಗಿ ಓದುತ್ತಾರೆ. ಎಲ್ಲಕ್ಕಿಂತ ಮೊದಲು ಟೀಚರ್ ಅವನನ್ನು ಒಬ್ಬನೇ ಇದ್ದಾಗ ಕರೆದು, ನಿನಗೆ ಯಾವ ರೀತಿ ಅನುಕೂಲ ಅಂತ ಅವನನ್ನೇ ಕೇಳಲಿ. ಅವನನ್ನು ಪೂರ್ತಿ ಬಿಟ್ಟುಬಿಡುವುದೂ ಬೇಡ. ಎಲ್ಲರ ಸರದಿ ಬಂದು ತನ್ನದು ಮಾತ್ರ ಬಾರದಿದ್ದರೆ ಆ ಮಗು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳುತ್ತದೆ. ಶಾಲೆಯ ಜೊತೆಗೆ ಒಮ್ಮೆ ವಾಕ್ ತಜ್ಞರನ್ನೂ ಕಾಣಿ.

ಶಿಕ್ಷಕರ ಗಂಟಲಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಅಯೋವಾ, ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಕಂಡ ಶಿಕ್ಷಕರು ಶೇ. 57.7, ಬೇರೆ ವೃತ್ತಿಯವರು ಶೇ. 28.8. ನನ್ನ ಹತ್ತಿರ ಬರುವ ಶಿಕ್ಷಕರೆಲ್ಲ ಕಷಾಯ, ಮಾತ್ರೆ ಕೇಳುತ್ತಾರೆ. ದಿನಕ್ಕೆ ಎಷ್ಟು ಹೊತ್ತು ಗದ್ದಲದ ಮೇಲೆ ಕೂಗುತ್ತೀರಿ ಅಂತ ನಾನು ಕೇಳಿದರೆ ಉತ್ತರ ಇರುವುದಿಲ್ಲ. ಮಕ್ಕಳಿಗೆ ಮಾತು ಬಿಟ್ಟುಕೊಟ್ಟರೆ ಗಂಟಲೂ ಉಳಿಯುತ್ತದೆ.

ಮಾತುಗಾರ್ತಿ:
ಶೇ. 93ರ ಬಗ್ಗೆ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಆ ಸ್ಲೈಡ್ ಇನ್ನು ನನ್ನ ತರಬೇತಿಯಲ್ಲಿ ಇರುವುದಿಲ್ಲ. ಆದರೆ ಪಾಠ ಮುಗಿಸುವ ಒತ್ತಡದ ಬಗ್ಗೆ ಯಾರೂ ಮಾತಾಡಲಿಲ್ಲ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಾಜರಿ, ಹೋಂವರ್ಕ್ ಎಲ್ಲ ಕಳೆದು ಮೂವತ್ತು ಉಳಿಯುತ್ತದೆ. ಒಂದು 2/7ರ ಹಿಂದೆ ಹೋದರೆ ಅಧ್ಯಾಯ ಮುಗಿಯುವುದು ಯಾವಾಗ?

ಗಣಿತದ ಮೇಷ್ಟ್ರು:
ಮೇಡಂ, ಎಲ್ಲ ತಪ್ಪಿನ ಹಿಂದೆಯೂ ಹೋಗಬೇಕಿಲ್ಲ. ಅವಸರದಲ್ಲಿ 7 × 8 = 54 ಅಂದರೆ ತಿದ್ದಿ ಮುಂದೆ ಹೋಗಬಹುದು. ಆದರೆ 2/7 ಒಬ್ಬಳ ಉತ್ತರ ಅಲ್ಲ, ಕ್ಲಾಸಿನ ಎಷ್ಟೋ ಮಕ್ಕಳ ತಲೆಯಲ್ಲಿ ಕೂತಿರುವ ಉತ್ತರ. ಅದನ್ನು ಇವತ್ತು ಬಿಟ್ಟರೆ ಬೀಜಗಣಿತದಲ್ಲಿ 1/x + 1/y ಬಂದಾಗ 2/(x + y) ಆಗಿ ಎದುರು ನಿಲ್ಲುತ್ತದೆ. ಆಗ ಹೋಗುವ ಸಮಯ ಇದಕ್ಕಿಂತ ಹೆಚ್ಚು.

ಇಬ್ಬರು ಮಕ್ಕಳ ಅಮ್ಮ:
ಮೇಡಂ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಟೀಚರ್ ಜೊತೆ ನಾನು ಮಾತಾಡುವ ಮೊದಲು ಮಗನನ್ನು ಕೇಳಿದೆ. ಇಬ್ಬರು ಒಟ್ಟಿಗೆ ಓದುವುದಾದರೆ ಆಗಬಹುದು ಅಂದ. ಯಾರ ಜೊತೆ ಅಂತ ಹೆಸರನ್ನೂ ಅವನೇ ಹೇಳಿದ.